ಶಿಶುಕಾವ್ಯದಲ್ಲಿ ಪ್ರಾಸವೂ ಚಿತ್ರವೂ

೧

ಅಲಂಕಾರಶಾಸ್ತ್ರದಲ್ಲಿ ‘ಚಿತ್ರ’ವೆಂಬ ಶಬ್ದಕ್ಕೆ ಹೆಚ್ಚಿನ ಗೌರವವಿಲ್ಲ. ವ್ಯಂಗ್ಯಾರ್ಥದ ಬಲವಿಲ್ಲದೆ, ಶಬ್ದದ ಆಟದಿಂದಲೋ ವಾಚ್ಯದ ವೈಚಿತ್ರ್ಯದಿಂದಲೋ ಮಾತ್ರವೇ ಮನಸ್ಸನ್ನು ಸೆಳೆಯತಕ್ಕ ರಚನೆಯನ್ನು ಆನಂದವರ್ಧನನು ಚಿತ್ರವೆಂದು ಕರೆದು ಧ್ವನಿಕಾವ್ಯದಿಂದ ದೂರವಿರಿಸಿದನು. ಮಮ್ಮಟನು ಕಾವ್ಯದ ಮೂರು ತರಗತಿಗಳಲ್ಲಿ ಕೊನೆಯದನ್ನು ಅದಕ್ಕೆ ಕೊಟ್ಟನು. ಅಕ್ಷರಗಳನ್ನು ಪದ್ಮ, ಖಡ್ಗ, ಮುರಜ ಮೊದಲಾದ ಆಕಾರಗಳಲ್ಲಿ ಜೋಡಿಸುವ ಬಂಧಗಳಿಗೂ ಚಿತ್ರವೆಂದೇ ಹೆಸರು; ಅವೂ ಪಾಂಡಿತ್ಯದ ವ್ಯಾಯಾಮಗಳೆಂದೇ ಎಣಿಕೆ.

ಮಕ್ಕಳಿಗಾಗಿ ಬರೆದ ವಿನೋದದ ಪ್ರಾಸಪದ್ಯಗಳಿಗೂ, ಅಂಥ ಪದ್ಯಗಳು ಅಚ್ಚಾಗುವ ಚಿತ್ರಪುಸ್ತಕಗಳಿಗೂ ಈ ಹಳೆಯ ಹೆಸರು ಎರಡು ಬಗೆಯಲ್ಲಿಯೂ ಒಪ್ಪುತ್ತದೆ. ಅಲ್ಲಿ ಶಬ್ದದ ಆಟವೇ ಪ್ರಧಾನ. ಚಿತ್ರವಂತೂ ಪದ್ಯದ ಪಕ್ಕದಲ್ಲಿಯೇ ಇದೆ. ಹೆಸರಿನೊಡನೆ ಹಳೆಯ ತೀರ್ಪೂ ಇವುಗಳ ಮೇಲೆ ಬಂದು ಕುಳಿತಿರುವುದು ಮಾತ್ರ ಚಿಂತಿಸತಕ್ಕ ವಿಷಯ. ಶಿಶುಪದ್ಯವು ಅಕ್ಷರಾಭ್ಯಾಸಕ್ಕೆ ಮೆಟ್ಟಿಲು, ಇಲ್ಲವೆ ನೀತಿಯೆಂಬ ಕಹಿಮದ್ದಿಗೆ ಸವರಿದ ಬೆಲ್ಲ ಎಂಬ ಭಾವನೆಯೇ ಪಾಠಶಾಲೆಗಳಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆಯಿಂದ ಪದ್ಯವನ್ನು ತಿದ್ದುವವರು, ಭಾಷಾಂತರಿಸುವವರು, ಪಾಠಮಾಡುವವರು ಎಲ್ಲರೂ ಅರ್ಥವನ್ನು ಉಳಿಸಿಕೊಳ್ಳುವ ಆತುರದಲ್ಲಿ ಪ್ರಾಸವನ್ನು ಕೈಬಿಡುತ್ತಾರೆ. ಆದರೆ ಈ ಜಾತಿಯ ಪದ್ಯದಲ್ಲಿ ಪ್ರಾಸವೆಂಬುದು ಒಡವೆಯಲ್ಲ, ಬೆನ್ನೆಲುಬು. ಬೇರೆ ಕಾವ್ಯಗಳಲ್ಲಿ ಅರ್ಥವು ಹೊರುವ ಭಾರವನ್ನು ಇಲ್ಲಿ ಪ್ರಾಸವೂ ಲಯವೂ ಹೊರುತ್ತವೆ. ಅರ್ಥದ ಬಹುಭಾಗವನ್ನು ಚಿತ್ರವು ವಹಿಸಿಕೊಳ್ಳುತ್ತದೆ. ಇದಕ್ಕೆ ಪ್ರಮಾಣಗಳು ನಮ್ಮ ಶಾಸ್ತ್ರಗಳಲ್ಲಿಯೇ ಇವೆ.

೨

ಮೊದಲು ಅರ್ಥಶೂನ್ಯತೆಯ ಆಕ್ಷೇಪವನ್ನು ವಿಚಾರಿಸತಕ್ಕದ್ದು. ಬಿಡಿಬಿಡಿಯಾಗಿ ಪದಗಳಿಗೆ ಅರ್ಥವಿದ್ದರೂ ಒಟ್ಟು ಸೇರಿದಾಗ ಒಂದು ಅರ್ಥವೂ ಮೂಡದಿರುವುದನ್ನು ದಂಡಿಯು ‘ಅಪಾರ್ಥ’ವೆಂಬ ದೋಷವೆಂದು ಎಣಿಸಿದ್ದಾನೆ. ಆದರೆ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಆ ಲಕ್ಷಣವನ್ನು ಹೇಳುವ ಶ್ಲೋಕದಲ್ಲಿಯೇ ಅವನು ಒಂದು ಅಪವಾದವನ್ನೂ ಸೇರಿಸಿದ್ದಾನೆ: ಹುಚ್ಚರು, ಮತ್ತರು, ಬಾಲರು ಈ ಮೂವರ ಮಾತಿನಲ್ಲಿ ಅದು ದೋಷವಲ್ಲ. ಕವಿರಾಜಮಾರ್ಗದ ಮೂಲಕ ಕನ್ನಡ ಕಾವ್ಯಮೀಮಾಂಸೆಗೆ ದಾರಿತೋರಿದ ಆಚಾರ್ಯನೇ ಬಾಲರಿಗೆ ಈ ವಿನಾಯಿತಿಯನ್ನು ಕೊಟ್ಟಿರುವುದು ಗಮನಾರ್ಹವಾದುದು.

ದಂಡಿಯು ಕ್ಷಮಿಸಿದ್ದು ಬಾಲರು ಆಡುವ ಮಾತನ್ನು. ಬಾಲರಿಗಾಗಿ ಪ್ರೌಢರು ಬರೆಯುವ ಪದ್ಯಕ್ಕೆ ಅದು ಹೇಗೆ ಸಲ್ಲುತ್ತದೆ ಎಂದು ಇಲ್ಲಿ ಕೇಳಬಹುದು. ಸಲ್ಲುತ್ತದೆ, ಏಕೆಂದರೆ ಶಿಶುಪದ್ಯದಲ್ಲಿ ಮಗುವು ಶ್ರೋತೃ ಮಾತ್ರವಲ್ಲ, ವಕ್ತೃವೂ ಹೌದು. ಎರಡು ಬಾರಿ ಕೇಳಿದ ಮೇಲೆ ಮೂರನೆಯ ಬಾರಿ ಹೇಳತಕ್ಕವನು ಅವನೇ. ಮಗುವಿನ ಬಾಯಲ್ಲಿ ನಿಲ್ಲದ ಪದ್ಯವು ಶಿಶುಪದ್ಯವೆನಿಸದು. ಬಾಯಿಗೆ ಬಂದಮೇಲೆ ಅದು ಬಾಲೋಕ್ತಿಯೇ ಆಯಿತು.

ಪತಂಜಲಿಯು ಮಹಾಭಾಷ್ಯದಲ್ಲಿ ಅನರ್ಥಕವಾದ ಪದಸಮೂಹಕ್ಕೆ ಕೊಡುವ ಉದಾಹರಣೆಯು ಹತ್ತು ದಾಳಿಂಬೆ, ಆರು ಅಪ್ಪ ಎಂದು ಮೊದಲಾಗಿ ಕುಂಡ, ಮೇಕೆಯ ಚರ್ಮಗಳನ್ನು ಎಣಿಸುತ್ತ ಹೋಗುತ್ತದೆ. ತರ್ಕಸಂಗ್ರಹದಲ್ಲಿ ಆಕಾಂಕ್ಷೆಯಿಲ್ಲದ ಪದಗಳಿಗೆ ನಿದರ್ಶನವು ಹಸು, ಕುದುರೆ, ಪುರುಷ, ಆನೆ. ಇವನ್ನು ಕೇಳಿದ ಮಗುವು ಶಾಸ್ತ್ರದ ದೋಷವನ್ನು ಕಾಣುವುದಿಲ್ಲ; ಚಿತ್ರಪುಸ್ತಕದ ನಾಲ್ಕು ಹಾಳೆಗಳನ್ನು ಕಾಣುತ್ತದೆ. ಸಾಮಗಾನದಲ್ಲಿ ಋಕ್ಕಿನ ಅಕ್ಷರಗಳ ನಡುವೆ ಸೇರುವ ಸ್ತೋಭಾಕ್ಷರಗಳಿಗೂ ವಾಚ್ಯಾರ್ಥವಿಲ್ಲ. ಆದರೂ ಅವನ್ನು ಬಿಟ್ಟರೆ ಗಾನವು ನಿಲ್ಲದು. ಅರ್ಥವಿಲ್ಲದ ಅಕ್ಷರಕ್ಕೂ ಪ್ರಯೋಜನ ಉಂಟೆಂಬುದು ವೈದಿಕರಿಗೆ ಹೊಸ ಮಾತಲ್ಲ.

ಇಷ್ಟಾದರೂ, ವಿನೋದಪದ್ಯವೆಲ್ಲ ಕೇವಲ ಅನರ್ಥಕವೆನ್ನುವುದು ಸರಿಯಲ್ಲ. ವಾಕ್ಯಾರ್ಥಜ್ಞಾನಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ತಾರ್ಕಿಕರು ಹೇಳುತ್ತಾರೆ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬುದರಲ್ಲಿ ಆಕಾಂಕ್ಷೆಯೂ ಸನ್ನಿಧಿಯೂ ಇವೆ, ಯೋಗ್ಯತೆಯೊಂದೇ ಇಲ್ಲ. ಒಳ್ಳೆಯ ವಿನೋದಪದ್ಯದ ಗುಟ್ಟು ಇದೇ. ಅದು ವಾಕ್ಯರಚನೆಯನ್ನು ಕೆಡಿಸುವುದಿಲ್ಲ, ವಿಭಕ್ತಿಯನ್ನು ತಪ್ಪಿಸುವುದಿಲ್ಲ. ಯೋಗ್ಯತೆಯೊಂದನ್ನು ಮಾತ್ರ ಬೇಕೆಂದೇ ಮುರಿಯುತ್ತದೆ. ಲಕ್ಷಣವನ್ನು ತೋರಿಸುವುದಕ್ಕೆಂದೇ ಹೊಸೆದ ಈ ಎರಡು ಸಾಲುಗಳನ್ನು ನೋಡಬಹುದು:

ಕಪ್ಪೆಯು ಕೊಡೆಯನು ಹಿಡಿಯಿತು ಮಳೆಗೆ;
ಕೊಡೆಯೇ ನಕ್ಕಿತು ಕಪ್ಪೆಯ ಕಳೆಗೆ.

ಇಲ್ಲಿ ಕರ್ತೃ, ಕರ್ಮ, ಕ್ರಿಯೆಗಳೆಲ್ಲ ಸ್ವಸ್ಥಾನದಲ್ಲಿವೆ. ನೀರಿನಲ್ಲಿಯೇ ಬಾಳುವ ಕಪ್ಪೆಗೆ ಮಳೆಯಿಂದ ರಕ್ಷಣೆ ಬೇಕೆಂಬುದರಲ್ಲಿ ಯೋಗ್ಯತೆಯಿಲ್ಲ. ಕೊಡೆಯು ನಗುವುದರಲ್ಲಿ ಅದು ಇನ್ನೂ ಇಲ್ಲ. ಇದನ್ನು ಕೇಳಿ ನಗುವ ಮಗುವಿಗೆ ಕಪ್ಪೆಯ ಸ್ವಭಾವವೂ ಕೊಡೆಯ ಉಪಯೋಗವೂ ಮೊದಲೇ ತಿಳಿದಿರಬೇಕು. ತಿಳಿಯದ ಮಗುವು ನಗುವುದಿಲ್ಲ. ಆದುದರಿಂದ ವಿನೋದಪದ್ಯವು ಅಜ್ಞಾನದಿಂದ ಹುಟ್ಟಿದ ಹರಟೆಯಲ್ಲ. ಲೋಕವ್ಯವಹಾರವನ್ನು ಈಗತಾನೆ ಕಲಿತ ಮಗುವು, ತಾನು ಕಲಿತಿದ್ದೇನೆಂಬುದನ್ನು ನಗುವಿನಿಂದ ತೋರಿಸಿಕೊಳ್ಳುವ ಬಗೆ ಅದು.

೩

ಈ ಜಾತಿಯ ಪದ್ಯವನ್ನು ಚಿತ್ರದೊಡನೆ ಬೆಸೆದು ಪುಸ್ತಕರೂಪಕ್ಕೆ ತಂದವರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಲಿಯರನೂ (೧೮೧೨–೧೮೮೮) ಬಂಗಾಳದ ಸುಕುಮಾರ ರಾಯರೂ (೧೮೮೭–೧೯೨೩) ಮುಖ್ಯರು. ಮಕ್ಕಳ ಸಚಿತ್ರಗ್ರಂಥವು ಅವರಿಗಿಂತ ಹಳೆಯದು; ಕೊಮೆನಿಯಸನು ಪದಾರ್ಥಗಳ ಚಿತ್ರಗಳನ್ನು ಹೆಸರುಗಳೊಡನೆ ಅಚ್ಚುಹಾಕಿಸಿದ ಪಾಠಪುಸ್ತಕವು ೧೬೫೮ರಲ್ಲಿಯೇ ಹೊರಬಂದಿತ್ತು. ಆದರೆ ಅಲ್ಲಿ ಚಿತ್ರವು ಬೋಧನೆಗಾಗಿ. ಬೋಧನೆಯನ್ನು ಬಿಟ್ಟು ನಗುವಿಗಾಗಿಯೇ ಪದ್ಯವನ್ನೂ ಚಿತ್ರವನ್ನೂ ಒಬ್ಬನ ಕೈಯೇ ರಚಿಸಿದ ಗ್ರಂಥಗಳಲ್ಲಿ ೧೮೪೬ರಲ್ಲಿ ಪ್ರಕಟವಾದ ಲಿಯರನ ‘ಎ ಬುಕ್ ಆಫ್ ನಾನ್‌ಸೆನ್ಸ್’ ಪ್ರಸಿದ್ಧವಾದುದು.

ಲಿಯರನು ವೃತ್ತಿಯಿಂದ ಚಿತ್ರಕಾರ. ಡರ್ಬಿಯ ಅರ್ಲನ ಮೃಗಾಲಯದಲ್ಲಿದ್ದ ಪಕ್ಷಿಪ್ರಾಣಿಗಳನ್ನು ಬರೆಯಲು ಹೋದವನು ಆ ಮನೆಯ ಮಕ್ಕಳಿಗಾಗಿ ಪದ್ಯಗಳನ್ನು ಕಟ್ಟಿದನು. ಅವನ ಐದು ಪಾದಗಳ ಕಟ್ಟಿನಲ್ಲಿ ಮೊದಲನೆಯ, ಎರಡನೆಯ, ಐದನೆಯ ಪಾದಗಳಿಗೆ ಒಂದು ಪ್ರಾಸ; ನಡುವಣ ಎರಡಕ್ಕೆ ಇನ್ನೊಂದು. ಕೊನೆಯ ಪಾದವು ಅನೇಕವೇಳೆ ಮೊದಲನೆಯ ಪಾದದ ಕೊನೆಯ ಪದಕ್ಕೇ ಮರಳುತ್ತದೆ. ಹೊಸ ಅರ್ಥವನ್ನು ತರದ ಈ ಮರಳಿಕೆಯನ್ನು ಪ್ರೌಢರು ಕೊರತೆಯೆಂದು ಎಣಿಸಬಹುದು. ಹೊರಟ ಮನೆಗೇ ಮರಳಿ ಬಂದುದು ಮಗುವಿಗೆ ತೃಪ್ತಿ.

ಲಿಯರನು ವೈಸರಾಯ್ ನಾರ್ತ್‌ಬ್ರೂಕನ ಆಹ್ವಾನದಿಂದ ಭಾರತಕ್ಕೆ ಬಂದು ೧೮೭೩ರಿಂದ ೧೮೭೫ರವರೆಗೆ ಇಲ್ಲಿ ಸಂಚರಿಸಿದನು. ಆಗ ಬರೆದ ‘ದಿ ಕಮರ್‌ಬಂಡ್’ ಎಂಬ ಕವಿತೆಯು ೧೮೭೪ರಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಧೋಬಿಯು ಕುಳಿತುಕೊಳ್ಳುವ ಆಸನ; ಪಂಖಗಳು ಓಡಾಡುವ ಜೀವಿಗಳು; ನಡುಪಟ್ಟಿಯಾದ ಕಮರ್‌ಬಂದು ಒಂದು ಭೀಕರ ಮೃಗ. ಈ ಶಬ್ದಗಳನ್ನು ಅರಿಯದ ಆಂಗ್ಲ ಬಾಲಕನಿಗೆ ಅಲ್ಲಿರುವುದು ಶಕ್ತಿಗ್ರಹವಿಲ್ಲದ ಶಬ್ದಗಳ ನಾದ. ಅವನ್ನು ಅರಿತ ಭಾರತೀಯನಿಗೆ ಯೋಗ್ಯತೆ ಮುರಿದ ವಾಕ್ಯಗಳ ಹಾಸ್ಯ. ಒಂದೇ ಪದ್ಯವು ಶ್ರೋತೃಭೇದದಿಂದ ಎರಡು ಬಗೆಯ ಅಪಾರ್ಥವಾಗುವುದಕ್ಕೆ ಇದು ಒಳ್ಳೆಯ ನಿದರ್ಶನ.

ಸುಕುಮಾರ ರಾಯರ ‘ಆಬೋಲ್ ತಾಬೋಲ್’ ೧೯೨೩ರ ಸೆಪ್ಟೆಂಬರಿನಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳ ಮೇಲೆ ಹೊರಬಂದಿತು. ಅವರ ತಂದೆ ಉಪೇಂದ್ರಕಿಶೋರರು ೧೯೧೩ರಲ್ಲಿ ಆರಂಭಿಸಿದ ‘ಸಂದೇಶ’ವೆಂಬ ಮಕ್ಕಳ ಪತ್ರಿಕೆಯು ಆ ಪದ್ಯಗಳ ತವರು. ಛಾಯಾಚಿತ್ರಣವನ್ನೂ ಚಿತ್ರಮುದ್ರಣದ ತಂತ್ರವನ್ನೂ ಇಂಗ್ಲೆಂಡಿನಲ್ಲಿ ಅಭ್ಯಾಸಮಾಡಿ ಬಂದಿದ್ದ ಸುಕುಮಾರರು ಪದ್ಯಗಳಿಗೆ ಚಿತ್ರಗಳನ್ನೂ ತಾವೇ ಬರೆದರು. ಅವರ ಒಂದು ಪದ್ಯದಲ್ಲಿ ಬಾತುಕೋಳಿಯೂ ಮುಳ್ಳುಹಂದಿಯೂ ಸೇರಿ ಒಂದೇ ಪ್ರಾಣಿಯಾಗುತ್ತವೆ. ವಂಗಭಾಷೆಯಲ್ಲಿ ‘ಹಾಂಸ್’ ಎಂದರೆ ಬಾತು, ‘ಸಜಾರು’ ಎಂದರೆ ಮುಳ್ಳುಹಂದಿ. ಮೊದಲ ಪದದ ಬಾಲವೂ ಎರಡನೆಯದರ ತಲೆಯೂ ಒಂದೇ ಸಕಾರವಾದ್ದರಿಂದ ‘ಹಾಂಸ್‌ಜಾರು’ ಎಂಬ ಹೊಸ ಶಬ್ದ ಹುಟ್ಟಿತು. ಇದು ದ್ವಂದ್ವವಲ್ಲ, ಕರ್ಮಧಾರಯವೂ ಅಲ್ಲ. ವೈಯಾಕರಣರ ಎಣಿಕೆಗೆ ಸಿಕ್ಕದ ಸಮಾಸ. ಶಬ್ದಗಳು ಅಂಟಿಕೊಂಡಂತೆಯೇ ದೇಹಗಳು ಅಂಟಿಕೊಂಡಿರುವುದನ್ನು ಪಕ್ಕದ ಚಿತ್ರವು ತೋರಿಸುತ್ತದೆ. ಚಿತ್ರವೇ ಈ ಸಮಾಸದ ವಿಗ್ರಹವಾಕ್ಯ.

೪

ಕನ್ನಡದ ಕಡೆಗೆ ತಿರುಗಿದರೆ, ಮಕ್ಕಳ ಪದ್ಯದ ಅಂತ್ಯಪ್ರಾಸವು ಇಂಗ್ಲಿಷಿನಿಂದ ಬಂದ ಸಾಲವೆಂಬ ಅಭಿಪ್ರಾಯವು ಮೊದಲು ಎದುರಾಗುತ್ತದೆ. ಇದು ಅರ್ಧ ಸತ್ಯ. ಮಂಜೇಶ್ವರದ ಗೋವಿಂದ ಪೈಗಳು ದ್ವಿತೀಯಾಕ್ಷರಪ್ರಾಸವನ್ನು ಬಿಟ್ಟು ಬರೆಯತೊಡಗಿದುದು, ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದುದು, ಇವುಗಳಿಂದ ಪ್ರೌಢಕವಿತೆಯಲ್ಲಿ ಆದಿಪ್ರಾಸದ ನಿಯಮವು ಸಡಿಲವಾದುದು ನಿಜ. ಆದರೆ ಹಾಗೆ ಹೊರಟ ಪ್ರಾಸವು ನಾಡನ್ನು ಬಿಟ್ಟು ಹೋಗಲಿಲ್ಲ. ಪಾದದ ಆದಿಯಿಂದ ಎದ್ದು ಅಂತ್ಯದಲ್ಲಿ ಕುಳಿತುಕೊಂಡಿತು. ರಗಳೆಯಲ್ಲಿ ಆದಿಪ್ರಾಸದೊಡನೆ ಅಂತ್ಯಪ್ರಾಸವೂ ಮೊದಲಿನಿಂದ ಇದ್ದುದರಿಂದ ಆ ಪೀಠವೂ ಅದಕ್ಕೆ ಅಪರಿಚಿತವಲ್ಲ.

ನಾಗವರ್ಮನ ಛಂದೋಂಬುಧಿಯಲ್ಲಿ ಪ್ರಾಸಗಳು ಆರು: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪಾದಗಳ ಎರಡನೆಯ ಅಕ್ಷರದ ವ್ಯಂಜನವು ಸಮಾನವಾಗಿದ್ದು, ಅದರ ಹಿಂದಣ ಸ್ವರವು ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ; ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ; ವಿಜಾತೀಯ ಸಂಯುಕ್ತವಾದರೆ ಶರಭ, ದ್ವಿತ್ವವಾದರೆ ಹಯ. ಮಕ್ಕಳ ಚಿತ್ರಪುಸ್ತಕದ ಮೊದಲ ಹಾಳೆಗಳಿಗೆ ತಕ್ಕ ಹೆಸರುಗಳೇ ಇವು. ಇನ್ನು, ಕನ್ನಡಿಗರು ದಿನವೂ ಆಡುವ ಪ್ರತಿಧ್ವನಿಪದಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಮನೆಗಿನೆ, ಊಟಗೀಟ, ಕಂಬಗಿಂಬ, ಕಷ್ಟಗಿಷ್ಟ, ಅಕ್ಕಿಗಿಕ್ಕಿ ಎಂಬ ಜೋಡಿಗಳಲ್ಲಿ ಎರಡನೆಯ ಪದಕ್ಕೆ ತನ್ನದೆಂಬ ಅರ್ಥವಿಲ್ಲ. ಮೊದಲ ಅಕ್ಷರದ ಸ್ಥಾನದಲ್ಲಿ, ಸ್ವರವು ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’ ಬರುತ್ತದೆ. ಉಳಿದುದೆಲ್ಲ ಇದ್ದಂತೆಯೇ ಇರುತ್ತದೆ. ಎಂದರೆ ಮೊದಲ ಅಕ್ಷರದ ಮಾತ್ರೆಯೂ ಎರಡನೆಯ ಅಕ್ಷರದ ವ್ಯಂಜನವೂ ಬದಲಾಗುವುದಿಲ್ಲ. ನಾಗವರ್ಮನು ಪ್ರಾಸಕ್ಕೆ ವಿಧಿಸಿದುದು ಇದನ್ನೇ! ಮನೆಗಿನೆ ಎಂಬುದು ಸಿಂಹಪ್ರಾಸ, ಊಟಗೀಟ ಗಜಪ್ರಾಸ, ಕಂಬಗಿಂಬ ವೃಷಭಪ್ರಾಸ, ಕಷ್ಟಗಿಷ್ಟ ಶರಭಪ್ರಾಸ, ಅಕ್ಕಿಗಿಕ್ಕಿ ಹಯಪ್ರಾಸ. ಅಜಪ್ರಾಸವೊಂದಕ್ಕೆ ಮಾತ್ರ ಆಡುನುಡಿಯಲ್ಲಿ ಸುಲಭವಾಗಿ ಜೋಡಿ ಸಿಕ್ಕದು. ವಿಸರ್ಗವು ಅಚ್ಚಗನ್ನಡದ್ದಲ್ಲವಾದುದರಿಂದ ಅದರಲ್ಲಿ ಆಶ್ಚರ್ಯವಿಲ್ಲ.

ಇದರಿಂದ ಎರಡು ವಿಷಯಗಳು ಸಿದ್ಧಿಸುತ್ತವೆ. ಅರ್ಥವಿಲ್ಲದ ಪದವನ್ನು ಪ್ರಾಸಕ್ಕಾಗಿ ಹುಟ್ಟಿಸುವ ಯಂತ್ರವು ಕನ್ನಡದ ಒಳಗೇ ಇದೆ. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಮತ್ತು ಪಂಡಿತರ ಷಟ್ಪ್ರಾಸಕ್ಕೂ ಮನೆಮಾತಿನ ಗಿಜಿಗಿಜಿಗೂ ಮೂಲವಾದ ಕಿವಿಯು ಒಂದೇ. ಮೇಲಣ ಉದಾಹರಣೆಯ ‘ಮಳೆ–ಕಳೆ’ ಎಂಬ ಜೋಡಿಯನ್ನೇ ಪರೀಕ್ಷಿಸಿದರೆ, ಪಾದಾಂತದಲ್ಲಿದ್ದರೂ ಅದು ಸಿಂಹಪ್ರಾಸದ ಲಕ್ಷಣಕ್ಕೆ ಒಪ್ಪುತ್ತದೆ. ಕನ್ನಡ ಶಿಶುಪದ್ಯದ ಒಳ್ಳೆಯ ಅಂತ್ಯಪ್ರಾಸವೆಂದರೆ ಸ್ಥಳಾಂತರಹೊಂದಿದ ದ್ವಿತೀಯಾಕ್ಷರಪ್ರಾಸವೇ ಎನ್ನಬಹುದು.

ಸ್ಥಳಾಂತರಕ್ಕೆ ಕಾರಣವೂ ಇದೆ. ಪಾದದ ಆದಿಯಲ್ಲಿರುವ ಪ್ರಾಸವನ್ನು ಕಿವಿಯು ಗುರುತಿಸಿದ ಮೇಲೆಯೂ ಪಾದದ ಉಳಿದ ಭಾಗವು ಮುಂದೆ ಓಡುತ್ತಿರುತ್ತದೆ. ಅಂತ್ಯದ ಪ್ರಾಸವಾದರೋ ವಿರಾಮದೊಡನೆ ಸೇರಿ ಬರುತ್ತದೆ. ಹೇಳುವವರು ಅಲ್ಲಿ ಕ್ಷಣಕಾಲ ತಡೆದರೆ ಕೊನೆಯ ಪದವನ್ನು ಮಗುವೇ ತುಂಬುತ್ತದೆ. ಈ ತುಂಬುವಿಕೆಯೇ ಮಗುವಿನ ಮೊದಲ ಕವಿಕರ್ಮ.

ಆದರೆ ಕನ್ನಡದಲ್ಲಿ ಅಂತ್ಯಪ್ರಾಸಕ್ಕೆ ಒಂದು ಅಪಾಯವುಂಟು. ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದಲೂ, ವಿಭಕ್ತಿಗಳು ಪದದ ಕೊನೆಗೆ ಹತ್ತುವುದರಿಂದಲೂ, ಏನೂ ಶ್ರಮವಿಲ್ಲದೆ ಸಾಲುಗಳು ಒಂದೇ ಅಕ್ಷರದಲ್ಲಿ ಮುಗಿಯುತ್ತವೆ. ಕಪ್ಪೆಯು ಕೊಡೆ ಹಿಡಿದುದು ‘ಕೆರೆಯಲಿ’ ಎಂದೂ ಹಕ್ಕಿಯು ಹಾಡಿದುದು ‘ಮರದಲಿ’ ಎಂದೂ ಬರೆದರೆ ಕಣ್ಣಿಗೆ ಪ್ರಾಸವಿದ್ದಂತೆ ತೋರೀತು. ಕಿವಿಗೆ ಕೇಳುವುದು ಪ್ರತ್ಯಯ ಮಾತ್ರ. ಪ್ರಕೃತಿಯಲ್ಲಿ ಸಾಮ್ಯವಿಲ್ಲದ ಪ್ರಾಸವು ಮಗುವಿನ ನೆನಪಿನಲ್ಲಿ ನಿಲ್ಲದು. ‘ಮಳೆಗೆ–ಕಳೆಗೆ’ ಎಂಬಲ್ಲಿ ಪ್ರತ್ಯಯದ ಹಿಂದಣ ಪ್ರಕೃತಿಯೂ ಕೂಡಿಬಂದಿದೆ. ಶಿಶುಪದ್ಯಗಳ ಗುಣವನ್ನು ತೂಗುವವರು ಮೊದಲು ನೋಡತಕ್ಕದ್ದು ಇದನ್ನು.

ಲಯದ ವಿಷಯದಲ್ಲಿಯೂ ಹೀಗೆಯೇ. ಕಪ್ಪೆಯು, ಕೊಡೆಯನು, ಹಿಡಿಯಿತು ಎಂಬ ಒಂದೊಂದೂ ನಾಲ್ಕು ಮಾತ್ರೆಯ ಗಣ, ಮಂದಾನಿಲರಗಳೆಯ ನಡೆ. ಕನ್ನಡದಲ್ಲಿ ಕತೆಗೂ ಕತ್ತೆಗೂ, ಕರುವಿಗೂ ಕಾರಿಗೂ ಇರುವ ಭೇದವು ಒಂದು ಮಾತ್ರೆಯ ಭೇದ. ಮಾತ್ರೆ ತಪ್ಪಿದರೆ ಪದ್ಯದ ಹೆಜ್ಜೆ ಎಡವುತ್ತದೆ. ಎಡವಿದುದನ್ನು ಮಗುವಿನ ಮೈಯೇ ಅರಿಯುತ್ತದೆ. ಗುರುಲಘುಗಳ ಲಕ್ಷಣವನ್ನು ಕಲಿಯುವುದಕ್ಕೆ ಎಷ್ಟೋ ವರ್ಷ ಮುಂಚೆ ಅವುಗಳ ಅನುಭವವು ಮಗುವಿಗೆ ಆಗಿರುವುದು ಇಂಥ ಪದ್ಯಗಳಿಂದ. ಪ್ರಾಸವನ್ನೂ ಲಯವನ್ನೂ ಕಳೆದುಕೊಂಡ ಪದ್ಯದಿಂದ ಬೆಳೆದ ಮಗುವಿಗೆ ಮುಂದೆ ಹರಿಹರನ ರಗಳೆಯೂ ಕುಮಾರವ್ಯಾಸನ ಷಟ್ಪದಿಯೂ ಕಿವಿಯಲ್ಲಿ ನಿಲ್ಲದೆ ಕಣ್ಣಿನ ಪಾಠಗಳಾಗಿಯೇ ಉಳಿದಾವು.

ಹೊಸಗನ್ನಡದಲ್ಲಿ ಈ ಮರ್ಮವನ್ನು ಮೊದಲು ಅರಿತವರಲ್ಲಿ ‘ಕವಿಶಿಷ್ಯ’ರೆಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು (೧೮೭೪–೧೯೩೭) ಅಗ್ರಗಣ್ಯರು. ಅವರು ಉಪಾಧ್ಯಾಯರಾಗಿಯೂ ಪಾಠಶಾಲೆಗಳ ಪರೀಕ್ಷಕರಾಗಿಯೂ ಮಕ್ಕಳ ನಡುವೆ ಬಾಳಿದವರು. ೧೯೩೪ರ ರಾಯಚೂರು ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾದವರು. ಅವರ ‘ಹಾವಿನ ಹಾಡಿ’ನಲ್ಲಿ ಏಕಾಕ್ಷರದ ಪದಗಳು ಮರಳಿ ಮರಳಿ ಬಂದು ಪದ್ಯವನ್ನು ಮುಗಿಸುತ್ತವೆ; ಹಾವನ್ನು ಕಾಣಬೇಕೆಂಬ ಆಸೆಯೂ ಕಂಡರೆ ಆಗುವ ಅಂಜಿಕೆಯೂ ಆ ಮರಳಿಕೆಯ ನಾದದಲ್ಲಿಯೇ ಇವೆ. ಪಾಳಿಭಾಷೆಯನ್ನೂ ಬೌದ್ಧವಾಙ್ಮಯವನ್ನೂ ಆಳವಾಗಿ ಅಭ್ಯಾಸಮಾಡಿದ ಜಿ. ಪಿ. ರಾಜರತ್ನಂ ಅವರು ಮಕ್ಕಳ ಪದ್ಯಗಳನ್ನು ಕೀಳೆಂದು ಎಣಿಸದೆ ಸಂಪುಟಗಳನ್ನೇ ರಚಿಸಿದರು. ಅವರ ‘ತುತ್ತೂರಿ’ಯಲ್ಲಿ ಬಾಲಕನ ಹೆಸರಿಗೂ ಅವನ ವಾದ್ಯದ ಹೆಸರಿಗೂ ಪ್ರಾಸ, ಸಪ್ತಸ್ವರಗಳ ಹೆಸರುಗಳೇ ಅಲ್ಲಿ ಸ್ತೋಭಾಕ್ಷರಗಳು. ಜಂಬಪಟ್ಟವನ ವಾದ್ಯವು ನೀರಿಗೆ ಬಿದ್ದು ಬಣ್ಣ ಕಳೆದುಕೊಂಡಿತೆಂಬಲ್ಲಿ ನೀತಿಯೂ ಉಂಟು. ಆದರೆ ತಲೆಮಾರುಗಳ ಮಕ್ಕಳು ನೆನಪಿನಲ್ಲಿ ಇಟ್ಟುಕೊಂಡುದು ನೀತಿಯನ್ನಲ್ಲ, ತುತ್ತೂರಿಯ ಧ್ವನಿಯನ್ನು.

೫

ಪ್ರಾಸವು ಹೀಗೆ ಕಿವಿಯ ಭಾರವನ್ನು ಹೊತ್ತಮೇಲೆ ಚಿತ್ರದ ಪಾಲು ಯಾವುದೆಂಬುದನ್ನು ವಿಚಾರಿಸಬೇಕಾಗಿದೆ. ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆ. ಚಿತ್ರಪುಸ್ತಕವನ್ನು ಹಿರಿಯರು ಮಗುವಿಗೆ ಓದಿಹೇಳುವಾಗ ಅದು ಏಕಕಾಲದಲ್ಲಿ ಎರಡೂ ಆಗಿರುತ್ತದೆ: ಅಕ್ಷರವನ್ನು ನೋಡುತ್ತಿರುವುದು ಹಿರಿಯರು, ಚಿತ್ರವನ್ನು ಓದುತ್ತಿರುವುದು ಮಗು. ನಾಟಕದಲ್ಲಿ ಮಾತು ಹೇಳದುದನ್ನು ಅಭಿನಯವು ಹೇಳುವ ಹಾಗೆ, ಇಲ್ಲಿ ಪದ್ಯವು ಹೇಳದುದನ್ನು ಚಿತ್ರವು ಹೇಳುತ್ತದೆ. ಹಾಳೆಯನ್ನು ಮಗುಚುವುದೇ ಇದರ ಯತಿ. ಒಂದು ಹಾಳೆಯಲ್ಲಿ ಎದ್ದ ಪ್ರಾಸಕ್ಕೆ ಜೋಡಿಯನ್ನು ಮುಂದಣ ಹಾಳೆಯಲ್ಲಿ ಬಚ್ಚಿಟ್ಟರೆ ಮಗುವಿನ ಆಕಾಂಕ್ಷೆಯು ಇಮ್ಮಡಿಯಾಗುತ್ತದೆ.

ಹೇಳಿದುದನ್ನೇ ಮತ್ತೆ ಬರೆದು ತೋರಿಸುವ ಚಿತ್ರವು ಪುನರುಕ್ತಿ. ಕಪ್ಪೆಯು ಕೊಡೆ ಹಿಡಿಯಿತೆಂದು ಪದ್ಯವು ಹೇಳುವಾಗ, ಕಪ್ಪೆಯ ಕೈಯಲ್ಲಿ ಅಂಗಡಿಯ ಕೊಡೆಯನ್ನು ಬರೆದರೆ ಚಿತ್ರಕಾರನು ಏನನ್ನೂ ಸೇರಿಸಿದಂತಾಗಲಿಲ್ಲ. ಅವನು ತಾವರೆಯ ಎಲೆಯನ್ನು ಬರೆದು, ಅದರ ತೂತಿನಿಂದ ನೀರು ಕಪ್ಪೆಯ ಮೂಗಿನ ಮೇಲೆ ಬೀಳುವುದನ್ನು ತೋರಿಸಿದರೆ, ಪದ್ಯಕ್ಕೂ ಚಿತ್ರಕ್ಕೂ ನಡುವೆ ಒಂದು ವಿವಾದ ಹುಟ್ಟುತ್ತದೆ. ಪದ್ಯವು ಕೊಡೆಯೆನ್ನುತ್ತದೆ, ಚಿತ್ರವು ಎಲೆಯೆನ್ನುತ್ತದೆ, ತೀರ್ಪುಕೊಡುವವನು ಮಗು. ಪದ್ಯದಲ್ಲಿ ಮಾತ್ರವಾಗಲಿ ಚಿತ್ರದಲ್ಲಿ ಮಾತ್ರವಾಗಲಿ ಇಲ್ಲದ ಈ ಮೂರನೆಯ ಅರ್ಥಕ್ಕೆ ವ್ಯಂಗ್ಯವೆಂಬ ಹೆಸರು ಸಲ್ಲದಿರಲು ಕಾರಣ ಕಾಣದು. ಹಾಗಾದರೆ ಚಿತ್ರವೆಂಬ ಕಾರಣದಿಂದಲೇ ಕೊನೆಯ ತರಗತಿಗೆ ಇಳಿಸಿದ ಕಾವ್ಯವು ಚಿತ್ರದ ಮೂಲಕವೇ ಮೇಲಕ್ಕೆ ಏರಿತು.

ಚಿತ್ರವು ಅರ್ಥವನ್ನು ಎಷ್ಟರಮಟ್ಟಿಗೆ ಹೊರಬಲ್ಲದೆಂಬುದಕ್ಕೆ ಅಮೆರಿಕದ ಥಿಯೊಡರ್ ಸೂಸ್ ಗೈಸೆಲನ (೧೯೦೪–೧೯೯೧) ಗ್ರಂಥಗಳು ಸಾಕ್ಷಿ. ಶಾಲೆಯ ಓದುಪುಸ್ತಕಗಳ ನೀರಸತೆಯನ್ನು ಖಂಡಿಸಿ ೧೯೫೪ರಲ್ಲಿ ಜಾನ್ ಹರ್ಸಿಯು ಬರೆದ ಲೇಖನದ ತರುವಾಯ, ಪರಿಮಿತ ಪದಗಳಿಂದಲೇ ರಸವತ್ತಾದ ಪುಸ್ತಕವನ್ನು ಬರೆಯುವ ಕೆಲಸವು ಅವನಿಗೆ ಬಂತು. ೧೯೫೭ರ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ನಲ್ಲಿ ಬೇರೆಬೇರೆಯಾದ ಪದಗಳು ೨೩೬, ೧೯೬೦ರ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ನಲ್ಲಿ ಬರಿಯ ೫೦, ಅವುಗಳಲ್ಲಿ ೪೯ ಏಕಸ್ವರದವು. ಇಂಗ್ಲಿಷಿನಲ್ಲಿ ಏಕಸ್ವರದ ಪದಗಳು ಹೇರಳವಾದುದರಿಂದ ಇದು ಸಾಧ್ಯವಾಯಿತು. ಕನ್ನಡದಲ್ಲಿ ಅಂಥವು ವಿರಳ. ಇಲ್ಲಿ ಆ ಕೆಲಸವನ್ನು ಮಾಡಬಲ್ಲವು ಮಳೆ, ಕಳೆ, ಬಳೆ, ಎಳೆ, ಹೊಳೆಗಳಂಥ ಎರಡಕ್ಷರದ ಪದಗಳು. ಅನುಕರಿಸತಕ್ಕದ್ದು ಪದಸಂಖ್ಯೆಯನ್ನಲ್ಲ, ಪದವೂ ಚಿತ್ರವೂ ಹೊರೆಯನ್ನು ಹಂಚಿಕೊಂಡ ಬಗೆಯನ್ನು.

೬

ಇಷ್ಟನ್ನು ತಿಳಿದಮೇಲೆ ಭಾಷಾಂತರದ ಪ್ರಶ್ನೆಯು ತಾನಾಗಿಯೇ ಮುಂದೆ ನಿಲ್ಲುತ್ತದೆ. ಇಂದು ಕನ್ನಡ ಮಕ್ಕಳ ಕೈಗೆ ಬರುವ ಚಿತ್ರಪುಸ್ತಕಗಳಲ್ಲಿ ಬೇರೆ ಭಾಷೆಯಿಂದ ಬಂದವು ಅನೇಕ. ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಆಗಲಿ, ೨೦೦೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಆಗಲಿ, ಒಂದೇ ಚಿತ್ರಸಮೂಹಕ್ಕೆ ಹಲವು ಭಾರತೀಯ ಭಾಷೆಗಳ ಪಾಠವನ್ನು ಜೋಡಿಸಿ ಪುಸ್ತಕಗಳನ್ನು ಹೊರತಂದಿವೆ. ಇದರಿಂದ ವೆಚ್ಚವು ತಗ್ಗಿ, ಎಷ್ಟೋ ಭಾಷೆಯ ಮಕ್ಕಳಿಗೆ ವರ್ಣಚಿತ್ರಗಳ ಪುಸ್ತಕವು ದೊರೆತಿರುವುದು ದೊಡ್ಡ ಉಪಕಾರವೇ ಸರಿ. ಗದ್ಯದ ಕಥೆಗೆ ಈ ಕ್ರಮದಿಂದ ಹೆಚ್ಚಿನ ಹಾನಿಯಿಲ್ಲ. ಪ್ರಾಸಪದ್ಯಕ್ಕೆ ಮಾತ್ರ ಇದು ಬೇರೆ ಮಾತು.

ಶಬ್ದಾಲಂಕಾರವನ್ನೂ ಅರ್ಥಾಲಂಕಾರವನ್ನೂ ಬೇರ್ಪಡಿಸುವುದಕ್ಕೆ ಮಮ್ಮಟನು ಅನುಸರಿಸಿದ ಪರೀಕ್ಷೆಯೊಂದು ಪ್ರಸಿದ್ಧವಾಗಿದೆ. ಒಂದು ಪದವನ್ನು ತೆಗೆದು ಅದರ ಪರ್ಯಾಯವನ್ನು ಇಟ್ಟರೂ ಅಲಂಕಾರವು ಉಳಿದರೆ ಅದು ಅರ್ಥದ್ದು, ಉಳಿಯದಿದ್ದರೆ ಶಬ್ದದ್ದು. ಭಾಷಾಂತರವೆಂದರೆ ಎಲ್ಲ ಪದಗಳಿಗೂ ಒಮ್ಮೆಗೇ ಪರ್ಯಾಯಗಳನ್ನು ಇಡುವುದು. ಪರಿವೃತ್ತಿಯನ್ನು ಸಹಿಸದ ಪದ್ಯವನ್ನು ಹೀಗೆ ಮಾಡಿದರೆ ಉಳಿಯುವುದೇನು? ಕಪ್ಪೆಯೊಂದು ಮಳೆಗಾಗಿ ಕೊಡೆ ಹಿಡಿದ ಸಮಾಚಾರ ಮಾತ್ರ. ಆದುದರಿಂದ ಇಲ್ಲಿ ಭಾಷಾಂತರವಿಲ್ಲ, ಪುನಃಸೃಷ್ಟಿಯೊಂದೇ ದಾರಿ.

ಪುನಃಸೃಷ್ಟಿಗೂ ಚಿತ್ರವು ಗಡಿಯನ್ನು ಹಾಕುತ್ತದೆ. ಚಿತ್ರದಲ್ಲಿ ಕೊಡೆಯಿದ್ದರೆ ಕನ್ನಡ ಕವಿಯು ಕೊಡೆಯನ್ನು ಬಿಡುವಂತಿಲ್ಲ. ಎಡೆ, ಕಡೆ, ನಡೆ, ವಡೆ ಎಂದು ಅದರ ಸುತ್ತಲೇ ಪ್ರಾಸವನ್ನು ಹುಡುಕಬೇಕು. ಕೆಲವೆಡೆ ಇದೂ ಸಾಲದು. ಸುಕುಮಾರ ರಾಯರ ಬಾತು–ಮುಳ್ಳುಹಂದಿಯನ್ನು ಕನ್ನಡಕ್ಕೆ ತರುವಾಗ ‘ಬಾತು’ವಿನ ಬಾಲಕ್ಕೂ ‘ಮುಳ್ಳುಹಂದಿ’ಯ ತಲೆಗೂ ಬೆಸುಗೆಯಾಗದು. ಬೆಸುಗೆಯಾಗತಕ್ಕ ಪದಗಳು ಕನ್ನಡದಲ್ಲಿ ಬೇರೆ ಇವೆ: ಆಮೆಯೂ ಮೇಕೆಯೂ ಸೇರಿದರೆ ‘ಆಮೇಕೆ’. ಆದರೆ ಆಗ ಬಾತಿನ ಚಿತ್ರವನ್ನು ಅಳಿಸಿ, ಚಿಪ್ಪೂ ಗಡ್ಡವೂ ಇರುವ ಹೊಸ ಪ್ರಾಣಿಯನ್ನು ಬರೆಯಿಸಬೇಕಾಗುತ್ತದೆ. ಪದ್ಯವೂ ಚಿತ್ರವೂ ಒಂದೇ ದೇಹವಾದಲ್ಲಿ ಒಂದನ್ನು ನಿಲ್ಲಿಸಿಕೊಂಡು ಇನ್ನೊಂದನ್ನು ಮಾತ್ರ ಬದಲಾಯಿಸುವುದು ಸಾಧ್ಯವಿಲ್ಲ.

ಈ ಮಾರ್ಗದಲ್ಲಿ ಕನ್ನಡಕ್ಕೆ ದೊಡ್ಡ ಮೇಲ್ಪಂಕ್ತಿಯು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಅದರ ಮೂಲವಾದ ಬ್ರೌನಿಂಗ್ ಕವಿಯ ಕೃತಿಯು (೧೮೪೨) ನಟ ಮ್ಯಾಕ್ರೀಡಿಯ ಅಸ್ವಸ್ಥನಾಗಿದ್ದ ಮಗನಿಗಾಗಿ, ಆ ಹುಡುಗನು ಚಿತ್ರ ಬರೆದುಕೊಳ್ಳಲೆಂದು ರಚಿತವಾದುದು. ಕುವೆಂಪು ಅವರು ಪದಕ್ಕೆ ಪದವನ್ನು ಇಡಲಿಲ್ಲ. ಜರ್ಮನಿಯ ವೇಸರ್ ನದಿಯ ಸ್ಥಾನದಲ್ಲಿ ತುಂಗೆಯನ್ನು ಹರಿಸಿದರು. ಕೊಳಲೂದುವವನ ಬದಲು ಕಿಂದರಿ ನುಡಿಸುವ ಜೋಗಿಯನ್ನು ತಂದರು. ವಾದ್ಯವೂ ವೇಷವೂ ನದಿಯೂ ಬದಲಾದಾಗ ಕಣ್ಣಿನ ಮುಂದಣ ಚಿತ್ರವೆಲ್ಲ ಬದಲಾಯಿತು. ಚಿತ್ರವು ಬದಲಾದುದರಿಂದ ಕನ್ನಡದ ಪ್ರಾಸಗಳಿಗೆ ಎಡೆ ದೊರೆಯಿತು. ಆ ಊರೂ ಇಲಿಗಳೂ ಕನ್ನಡದ ಮಕ್ಕಳಿಗೆ ಹೊರಗಿನವೆಂದು ತೋರದಿರುವುದಕ್ಕೆ ಇದೇ ಕಾರಣ.

ಕೊನೆಯದಾಗಿ ಪಾಠಕ್ರಮದ ವಿಷಯ. ಪದ್ಯದ ಕೆಳಗೆ ‘ಇದರಿಂದ ತಿಳಿಯುವ ನೀತಿಯೇನು?’ ಎಂಬ ಪ್ರಶ್ನೆಯನ್ನು ಹಾಕುವ ರೂಢಿಯಿದೆ. ಮೇಲಣ ಎರಡು ಸಾಲುಗಳಿಗೆ ಆ ಪ್ರಶ್ನೆಯನ್ನು ಹಾಕಿದರೆ, ಮಳೆ ಬರುವಾಗ ಕೊಡೆ ಹಿಡಿಯಬೇಕೆಂಬ ಉತ್ತರವು ಬರುವುದು. ಕಪ್ಪೆಯ ಹಾಸ್ಯವೆಲ್ಲ ಆ ಉತ್ತರದಲ್ಲಿ ಮುಳುಗಿಹೋಗುವುದು. ಇದರ ಬದಲು ಉಪಾಧ್ಯಾಯರು ಪದ್ಯವನ್ನು ಎರಡು ಬಾರಿ ಲಯವಾಗಿ ಹೇಳಿ, ಮೂರನೆಯ ಬಾರಿ ‘ಕಪ್ಪೆಯ’ ಎಂಬಲ್ಲಿ ನಿಲ್ಲಿಸಿದರೆ ಸಾಕು. ಕೊನೆಯ ಪದವನ್ನು ತರಗತಿಯೇ ಕೂಗಿ ಹೇಳುತ್ತದೆ. ಅವರಲ್ಲಿ ಒಬ್ಬನು ‘ಕಳೆಗೆ’ ಎಂಬುದಕ್ಕೆ ಬದಲಾಗಿ ‘ಬಳೆಗೆ’ ಎಂದರೆ ಅವನನ್ನು ತಿದ್ದತಕ್ಕದ್ದಲ್ಲ. ಮಾತ್ರೆಯೂ ಪ್ರಾಸವೂ ತಪ್ಪಲಿಲ್ಲ. ಕಪ್ಪೆಗೆ ಬಳೆಯನ್ನು ತೊಡಿಸಿ ಅವನು ಇನ್ನೊಂದು ಚಿತ್ರಕ್ಕೆ ಎಡೆಮಾಡಿಕೊಟ್ಟನು. ಆ ಚಿತ್ರವನ್ನು ಹಲಗೆಯ ಮೇಲೆ ಬರೆಯುವುದಕ್ಕೆ ಅವನ ಕೈಗೆ ಸೀಮೆಸುಣ್ಣವನ್ನು ಕೊಡುವುದೇ ಅಲ್ಲಿ ಮುಂದಣ ಪಾಠ.